ಘ್ರಾಣೇಂದ್ರಿಯಕ್ಕೂ ಒಂದು ಸ್ಥಾನ ಬೇಕು

ಕಣ್ಣು ಕಾಣದವನ ಕಷ್ಟ ಎಲ್ಲರಿಗೂ ತಿಳಿಯುತ್ತದೆ. ಕಿವಿ ಕೇಳದವನ ಕಷ್ಟವೂ ಬಹುಮಟ್ಟಿಗೆ ತಿಳಿಯುತ್ತದೆ. ವಾಸನೆ ತಿಳಿಯದವನ ಕಷ್ಟವನ್ನು ಮಾತ್ರ ಲೋಕವು ಕಷ್ಟವೆಂದೇ ಎಣಿಸುವುದಿಲ್ಲ. ಬೆಳಕಿಗೂ ಶಬ್ದಕ್ಕೂ ಮಾನಗಳಿವೆ. ಭೌತವಿಜ್ಞಾನದ ತರಗತಿಯಲ್ಲಿ ಅವನ್ನು ನಾವು ಪ್ರತಿವರ್ಷವೂ ಬೋಧಿಸುತ್ತೇವೆ. ವಾಸನೆಗೆ ಅಂಥ ಒಂದು ಸರ್ವಮಾನ್ಯವಾದ ಮಾನವಿಲ್ಲ. ಅಳತೆಗೆ ಸಿಕ್ಕದುದು ಅಲ್ಪವೆಂದು ಮಾತ್ರ ಯಾರೂ ತಿಳಿಯಬಾರದು.

ಆಳಂದ ತಾಲ್ಲೂಕಿನ ಜಿಡಗಾದಂಥ ಹಳ್ಳಿಗಳನ್ನೇ ನೋಡೋಣ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಹಳ್ಳಿಯ ಅಡುಗೆಮನೆಗಳಲ್ಲಿ ಅನಿಲದ ಸಿಲಿಂಡರುಗಳ ಬಳಕೆ ಹೆಚ್ಚಿದೆ. ಈ ಅನಿಲಕ್ಕೆ ಸ್ವಭಾವತಃ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ದ್ರವ್ಯವನ್ನು ಅದಕ್ಕೆ ಬೆರೆಸುತ್ತಾರೆ. ಅಂದರೆ, ಮನೆಯ ಕಾವಲನ್ನು ಮೂಗಿಗೆ ಒಪ್ಪಿಸಿದ್ದಾಯಿತು. ಆ ಕಾವಲುಗಾರನೇ ಮಲಗಿದ್ದರೆ ಗತಿಯೇನು?

ಮೂಗಿನ ಒಳಮೇಲ್ಭಾಗದ ತೆಳುಪೊರೆಯಲ್ಲಿ ಘ್ರಾಣ ನರಕೋಶಗಳಿವೆ. ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಇವುಗಳ ಜೀನುಗಳನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ನರಕೋಶದ ಒಂದು ತುದಿ ಹೊರಗಿನ ಗಾಳಿಯತ್ತ, ಇನ್ನೊಂದು ತುದಿ ನೇರವಾಗಿ ಮಿದುಳಿನತ್ತ. ಮುಪ್ಪಾದ ಕೋಶಗಳು ಸತ್ತಂತೆ, ಅಡಿಯಲ್ಲಿರುವ ಕಾಂಡಕೋಶಗಳು ಹೊಸ ನರಕೋಶಗಳನ್ನು ಹುಟ್ಟಿಸುತ್ತವೆ. ಮಿದುಳಿನ ಬಹುಪಾಲು ನರಕೋಶಗಳಿಗೆ ಈ ಭಾಗ್ಯವಿಲ್ಲ.

ಈ ಗುಣದಿಂದಲೇ ಮೂಗಿನ ಪೊರೆಯ ಚಿಕ್ಕ ತುಣುಕನ್ನು ತೆಗೆದು, ಪೋಷಕ ದ್ರವದಲ್ಲಿರಿಸಿ, ಮನುಷ್ಯನ ನರಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಸಾಧ್ಯವಾಗಿದೆ. 1990ರ ದಶಕದಿಂದ ಇಂಥ ಕೃಷಿ ನಡೆದಿದೆ. ತಲೆಬುರುಡೆಯನ್ನು ತೆರೆಯದೆ ಜೀವಂತ ಮನುಷ್ಯನ ನರಕೋಶವನ್ನು ಪರೀಕ್ಷಿಸುವ ದಾರಿಯಿದು. ಇಲಿಯ ಮೂಗಿನಲ್ಲಿ ಗ್ರಾಹಕಗಳು 1000ಕ್ಕೂ ಮಿಕ್ಕಿವೆ. ಅದರ ಫಲಿತಾಂಶವನ್ನು ನಮಗೆ ಹಾಗೆಯೇ ಅನ್ವಯಿಸಲಾಗದು.

ತಟ್ಟೆಯಲ್ಲಿ ಬೆಳೆದ ಕೋಶವು ವಾಸನೆಯನ್ನು ಅನುಭವಿಸುವುದೇ ಎಂದು ಕೆಲವರು ಕೇಳಬಹುದು. ಇಲ್ಲ, ಅನುಭವವು ಮಿದುಳಿನದು. ಒಂಟಿ ತಂತಿಯ ನಾದವು ಸಂಗೀತವಲ್ಲ. ಆದರೆ ವೀಣೆ ಕೆಟ್ಟಾಗ ತಂತಿಯನ್ನು ಪರೀಕ್ಷಿಸದೆ ವಿಧಿಯಿಲ್ಲ. 2020ರ ಕೋವಿಡ್ ಕಾಲದಲ್ಲಿ ಅಸಂಖ್ಯಾತರು ವಾಸನೆಯನ್ನು ಕಳೆದುಕೊಂಡರು. ವೈರಸ್ಸು ಮುಖ್ಯವಾಗಿ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು ಹೊಕ್ಕುತ್ತದೆಂಬುದು ಕೋಶಮಟ್ಟದ ಪರೀಕ್ಷೆಯಿಂದಲೇ ತಿಳಿಯಿತು. ಕೃಷಿಮಾಡಿದ ಕೋಶಗಳು ಇಂದಿಗೆ ಔಷಧವಲ್ಲ. ಔಷಧವನ್ನು ಹುಡುಕುವ ಸಾಧನ.

ಬಡ ದೇಶಕ್ಕೆ ಇದೆಲ್ಲ ಏಕೆಂಬ ಆಕ್ಷೇಪಣೆಯನ್ನೂ ನಾವು ಒಪ್ಪಲಾರೆವು. ಕೊಳೆತ ಹಣ್ಣಿಗೆ ಮುತ್ತುವ ನೊಣವನ್ನೇ ಹಿಡಿದು, ಒಬೈದ್ ಸಿದ್ದಿಕಿ ಮತ್ತು ವೆರೋನಿಕಾ ರೋಡ್ರಿಗಸ್ ಅವರು 1970ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಘ್ರಾಣದ ಅನುವಂಶೀಯತೆಯನ್ನು ಶೋಧಿಸಿದರು. ಆ ಪರಂಪರೆ ಬಳಿಕ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಬೆಳೆಯಿತು. ಮನೋರೋಗಗಳ ಅಧ್ಯಯನಕ್ಕಾಗಿ ರೋಗಿಗಳ ಕಾಂಡಕೋಶಗಳನ್ನು ಬೆಳೆಸುವ ಕಾರ್ಯದಲ್ಲಿ ಇದೇ ಕೇಂದ್ರವು ನಿಮ್ಹಾನ್ಸ್‌ನೊಡನೆ ಕೈಗೂಡಿಸಿದೆ. ಕೌಶಲ್ಯವು ನಮ್ಮ ನಾಡಿನಲ್ಲಿಯೇ ಇದೆ. ಅದನ್ನು ಮನುಷ್ಯನ ಮೂಗಿನತ್ತಲೂ ತಿರುಗಿಸಬೇಕೆಂಬುದೇ ನಮ್ಮ ಅಭಿಪ್ರಾಯ.

ಆದರೆ ಪ್ರಯೋಗಶಾಲೆಯೊಂದರಿಂದಲೇ ಕಾರ್ಯವು ಸಾಧಿಸದು. ಯಾರ ಘ್ರಾಣಶಕ್ತಿ ಕುಂದಿದೆಯೆಂಬುದು ಮೊದಲು ತಿಳಿಯಬೇಕು. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಕೈನಡುಕಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ಕುಗ್ಗುವುದುಂಟು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಕ್ಷರಗಳ ಪಟದಿಂದ ಕಣ್ಣನ್ನು ಪರೀಕ್ಷಿಸುವಂತೆ, ಏಲಕ್ಕಿ, ಇಂಗು, ಹುರಿದ ಶೇಂಗಾ ತುಂಬಿದ ನಾಲ್ಕಾರು ಮುಚ್ಚಿದ ಶೀಷೆಗಳಿಂದ ಮೂಗನ್ನೂ ಪರೀಕ್ಷಿಸಬಾರದೇಕೆ? ವೆಚ್ಚ ಅತ್ಯಲ್ಪ. ಅಲ್ಲಿ ಕುಂದು ಕಂಡವರಿಗೆ, ಒಲೆಯ ಕೊಳವೆಯನ್ನು ಸಾಬೂನು ನೀರಿನಿಂದ ಆಗಾಗ ಪರೀಕ್ಷಿಸಿರೆಂದು ಹೇಳಿದರೂ ಒಂದು ಮನೆ ಉಳಿದೀತು. ಬೆಂಗಳೂರಿನ ಗಾಜಿನ ತಟ್ಟೆಗೂ ಜಿಡಗಾದ ಅಡುಗೆಮನೆಗೂ ಇರುವ ದೂರವು ಕಡಿಮೆಯಾಗಬೇಕಾದುದು ಇಂಥ ಸಣ್ಣ ಹೆಜ್ಜೆಗಳಿಂದಲೇ.