ಬೀದಿ ಬದಿಯವರಿಗೂ ಊರಲ್ಲಿ ಜಾಗ ಬೇಕು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಳಿ ಬಸ್ಸಿಗೆ ಓಡುವವರು ಹಣ್ಣು, ತರಕಾರಿ ಕೊಳ್ಳುವುದು ಬೀದಿ ಬದಿಯಲ್ಲೇ. ಅಗ್ಗಕ್ಕೆ ಸಿಗುತ್ತದೆ, ದಾರಿಯಲ್ಲೇ ಸಿಗುತ್ತದೆ. ಆದರೆ ರಸ್ತೆ ಅಗಲ ಮಾಡುವಾಗ, ಫುಟ್‌ಪಾತ್ ಚಂದ ಮಾಡುವಾಗ ಮೊದಲು ಎತ್ತಂಗಡಿಯಾಗುವುದು ಅವರೇ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಈ ದುಡಿಮೆಯಿಂದ.

ಇಲ್ಲಿ ಯಾರ ದಯೆಯೂ ಬೇಡ, ಕಾನೂನು ಪಾಲಿಸಿದರೆ ಸಾಕು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಸಮೀಕ್ಷೆ ಮುಗಿಸಿ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಇದ್ದವರನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

ಫುಟ್‌ಪಾತ್ ನಡೆಯುವವರದ್ದಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತೂ ನ್ಯಾಯವೇ. ಅದಕ್ಕೇ ವ್ಯಾಪಾರ ವಲಯ ಬೇಕು. ಆದರೆ ಜನ ಸುಳಿಯದ ಮೂಲೆಯಲ್ಲಿ ವಲಯ ಮಾಡಿದರೆ ಕೊಳ್ಳುವವರು ಯಾರು? ಬಸ್ ನಿಲ್ದಾಣ, ಆಸ್ಪತ್ರೆ, ಮಾರ್ಕೆಟ್ ಹತ್ತಿರವೇ ಜಾಗ ಗುರುತಿಸಲಿ. ನಮ್ಮ ಮಳೆಗೆ ಒಂದು ಮಾಡು, ದೀಪ, ನೀರು, ಹೆಂಗಸರಿಗೆ ಶೌಚಾಲಯ ಇರಲಿ.

ವ್ಯಾಪಾರಿಗಳೂ ಸುಮ್ಮನೆ ಕೂರಬಾರದು. ಸಮೀಕ್ಷೆಯಲ್ಲಿ ಹೆಸರಿದೆಯೇ ಎಂದು ಪಾಲಿಕೆಯಲ್ಲಿ ಕೇಳಿ, ಗುರುತಿನ ಚೀಟಿ ಪಡೆಯಿರಿ, ಸಮಿತಿಯ ಚುನಾವಣೆಯಲ್ಲಿ ಮತ ಹಾಕಿ. ನಡೆಯುವವರಿಗೆ ದಾರಿ ಬಿಡಿ, ಕಸ ಬಿಡಬೇಡಿ. ಓದಿದ ಯುವಕರೇ, ಅರ್ಜಿ ತುಂಬಿಸಲು ನಿಮ್ಮ ಒಂದು ಸಂಜೆ ಕೊಡಿ. ತಳ್ಳುಗಾಡಿ ಲಾರಿಗೇರಿದ ಮೇಲೆ ಅಯ್ಯೋ ಅಂದರೆ ಪ್ರಯೋಜನವಿಲ್ಲ.