ಹೊಸ್ತಿಲೊಳಗಿನ ಗುಟ್ಟು

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಒಮ್ಮತದಿಂದ ಸಾರಿದರು. ಅರ್ಜಿ ಸಲ್ಲಿಸಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ೨೦೨೩ರ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಗೃಹಕೃತ್ಯಕ್ಕೆಂದು ವ್ಯಕ್ತಿಯು ಬಳಸುವ ಮಾಹಿತಿಗೆ ಅದು ಅನ್ವಯಿಸದು. ಅದು ಸರಿಯೇ; ಅಡಿಗೆಮನೆಗೆ ಅಮೀನನು ಬರುವುದನ್ನು ಯಾರು ಬಯಸಿಯಾರು? ಆದರೆ ಒಳಗಿನ ಕಾವಲು ನಮ್ಮದೇ ಎಂದಾಯಿತು. ಮನೆಯ ನಾಲ್ಕು ಫೋನುಗಳಲ್ಲಿ ಮೂರಕ್ಕೆ ಬೀಗ ಹಾಕಿ ಫಲವಿಲ್ಲ. ನಾಲ್ಕನೆಯದರಲ್ಲಿ ಮಗನು ಯಾವುದೋ ಆಪ್‌ಗೆ ವಿಳಾಸಪಟ್ಟಿಯನ್ನು ತೆರೆದುಕೊಟ್ಟನೆಂದರೆ ಅಜ್ಜಿಯ ಹೆಸರೂ ವೈದ್ಯರ ಸಂಖ್ಯೆಯೂ ಅದರೊಡನೆ ಹೊರಟವು. ಗಂಡನು ಹೆಂಡತಿಯ ಫೋನನ್ನು ತಡಕುವುದಕ್ಕೆ ನಾವು ಸಲಿಗೆಯೆಂದು ಹೆಸರಿಟ್ಟಿದ್ದೇವೆ. ನನಗೆ ಆ ಮಾತು ಒಪ್ಪದು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಗುಪ್ತಪದ. ಹೆಂಡತಿಯದು ನನಗೆ ತಿಳಿಯದು.