ಅಗ್ಗದ ದೇಶ ಅಸೂಟಿಯಿಂದ ಎಷ್ಟು ದೂರ?

ಶುಕ್ರವಾರ ಸಂಜೆ ಆಫೀಸಿನಿಂದ ಹೊರಬಿದ್ದು ಫೋನ್ ತೆಗೆದರೆ ಸಾಕು, ಯಾರೋ ಒಬ್ಬರು ಸಮುದ್ರದ ದಂಡೆಯಲ್ಲಿ ಎಳನೀರು ಹಿಡಿದು ನಿಂತಿರುತ್ತಾರೆ. ‘ಇಲ್ಲಿ ನಿಮ್ಮ ಒಂದು ರೂಪಾಯಿಗೆ ಮುನ್ನೂರು! ಬರೀ ಮೂವತ್ತು ಸಾವಿರಕ್ಕೆ ವಿದೇಶ!’ ಕೆಳಗೆ ನೂರಾರು ಜನ ‘ಡಿಟೇಲ್ಸ್ ಪ್ಲೀಸ್’ ಅಂತ ಬರೆದಿರುತ್ತಾರೆ. ಒಂದು ಕಾಲಕ್ಕೆ ಹಾಗೆ ಬರೆದವರಲ್ಲಿ ನಾನೂ ಒಬ್ಬ.

ನನ್ನ ಊರು ರೋಣ ತಾಲ್ಲೂಕಿನ ಅಸೂಟಿ, ಕೆಲಸ ಬೆಂಗಳೂರಿನಲ್ಲಿ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಅಂದಾಗ ನಮ್ಮ ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬ. ಮುಂದಿನ ಫೆಬ್ರುವರಿಯಲ್ಲಿ ನಾಲ್ಕು ಜನ ಹೊರಟೇಬಿಟ್ಟೆವು. ಕೈಯಲ್ಲಿ ದುಡ್ಡಿರಲಿಲ್ಲ. ಒಂದು ಆ್ಯಪ್ ಹತ್ತೇ ನಿಮಿಷದಲ್ಲಿ 60 ಸಾವಿರ ಸಾಲ ಕೊಟ್ಟಿತು. ತಿಂಗಳಿಗೆ 5,500, ಹನ್ನೆರಡು ಕಂತು. ಐದು ದಿನ ಮಜಾ ಮಾಡಿದೆವು, ಅದರಲ್ಲಿ ಸುಳ್ಳಿಲ್ಲ.

ಜೂನ್‌ನಲ್ಲಿ ಅಪ್ಪನ ಫೋನ್ ಬಂತು. ‘ತಮ್ಮಾ, ಮಳಿ ಚಲೋ ಆಗೇತಿ, ಹೆಸರು ಬಿತ್ತಬೇಕು. ಬೀಜ-ಗೊಬ್ಬರಕ್ಕ ಹದಿನೈದು ಸಾವಿರ ಬೇಕಿತ್ತು. ಆಕ್ಕೈತೇನು?’ ಬಾಡಿಗೆ, ಕಂತು ಎಲ್ಲ ಕಳೆದು ನನ್ನ ಖಾತೆಯಲ್ಲಿ ಉಳಿದದ್ದರಲ್ಲಿ ಐದು ಸಾವಿರ ಕಳಿಸಿದೆ. ಉಳಿದದ್ದನ್ನು ಅಪ್ಪ ಅಂಗಡಿಯಲ್ಲಿ ಉದ್ರಿ ಮಾಡಿದರು. ಆಗ ಏನೂ ಅನ್ನಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಮೆಲ್ಲಗೆ ಕೇಳಿದರು: ‘ಆ ದೇಶ ಅಗ್ಗ ಐತಿ ಅಂದಿದ್ದೆಲ್ಲೋ? ಇನ್ನಾ ಕಂತು ಕಟ್ಟಾಕತ್ತೀಯಂತ?’

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಬಡ್ಡಿ ಸೇರಿ 66 ಸಾವಿರ, ಐದು ದಿನ. ದಿನಕ್ಕೆ 13,200. ತಪ್ಪು ಥಾಯ್ಲೆಂಡಿನದಲ್ಲ. ಅದು ನಿಜಕ್ಕೂ ಕಡಿಮೆ ಖರ್ಚಿನ ದೇಶವೇ. ನಾನು ಹೋದ ರೀತಿ ದುಬಾರಿಯಾಗಿತ್ತು. ‘ಯಾವ ದೇಶ ಅಗ್ಗ?’ ಅಂತ ಕೇಳಿದ್ದೆನೇ ಹೊರತು ‘ನನ್ನ ಮನೆ ಬಾಗಿಲಿಂದ, ನನಗಿರೋ ರಜೆಗೆ, ನನ್ನ ಉಳಿತಾಯಕ್ಕೆ ಯಾವುದು ಅಗ್ಗ?’ ಅಂತ ಕೇಳಿಕೊಂಡಿರಲಿಲ್ಲ.

ಬಾಡಿಗೆ ಒಂದೇ, ಚೀಲ ಎಷ್ಟು?

ನಮ್ಮ ಕಡೆ ಕಡಲೆ, ಉಳ್ಳಾಗಡ್ಡಿ ಹೇರಿಕೊಂಡು ಗದಗಿನ ಎಪಿಎಂಸಿಗೆ ಹೋಗುವವರಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ. ಗಾಡಿ ಬಾಡಿಗೆ ಹತ್ತು ಚೀಲಕ್ಕೂ ಅಷ್ಟೇ, ನಲವತ್ತು ಚೀಲಕ್ಕೂ ಅಷ್ಟೇ. ಹತ್ತೇ ಚೀಲ ಇದ್ದವನು ದೂರದ ಮಾರುಕಟ್ಟೆಗೆ ಹೋಗಲ್ಲ.

ಪ್ರವಾಸದಲ್ಲೂ ಎರಡು ಥರದ ಖರ್ಚು. ಹಾದಿಯ ಖರ್ಚು ಒಂದೇ ಸಲ: ವಿಮಾನ, ವೀಸಾ, ಊರಿಂದ ವಿಮಾನ ನಿಲ್ದಾಣದವರೆಗಿನ ಬಸ್ಸು, ಲಗೇಜಿನ ಶುಲ್ಕ. ಊಟ-ಹಾಸಿಗೆಯ ಖರ್ಚು ದಿನಾ. ಟಿಕೆಟ್ 24 ಸಾವಿರ ಅಂತ ಇಟ್ಟುಕೊಳ್ಳಿ. ನಾಲ್ಕು ದಿನ ಇದ್ದರೆ ಬರೀ ಟಿಕೆಟ್ಟಿನ ಪಾಲೇ ದಿನಕ್ಕೆ 6,000. ಹನ್ನೆರಡು ದಿನ ಇದ್ದರೆ 2,000. ಅಲ್ಲಿ ಊಟ ನೂರು ರೂಪಾಯಿಯೋ ಇನ್ನೂರೋ ಅನ್ನುವುದು ಆಮೇಲಿನ ಮಾತು.

ಹೀಗೆ ನೋಡಿದರೆ ಪಟ್ಟಿಯೇ ಬದಲಾಗುತ್ತದೆ.

ವಿಯೆಟ್ನಾಂ: ದಿನದ ಖರ್ಚು ಕಡಿಮೆ, ಹಾದಿಯ ಖರ್ಚು ಜಾಸ್ತಿ. ಒಂದು ಸಲದ ಪ್ರವೇಶದ ಇ-ವೀಸಾಗೆ 25 ಡಾಲರ್. 2023ರ ಆಗಸ್ಟ್‌ನಿಂದ ಅದು 90 ದಿನದವರೆಗೆ ಸಿಗುತ್ತದೆ. ಎರಡು ವಾರ ರಜೆ ಸಿಕ್ಕವರಿಗೆ ಚಲೋ. ಶನಿವಾರ-ಭಾನುವಾರಕ್ಕೆ ಎರಡು ದಿನ ಅಂಟಿಸಿ ಹೋಗುವವರಿಗೆ ಅಲ್ಲ.

ಭೂತಾನ್: ಪೂರ್ತಿ ಉಲ್ಟಾ. ನೆಲದ ಮೇಲೇ ಹೋಗಬಹುದು, ವೋಟರ್ ಕಾರ್ಡ್ ಸಾಕು, ಅವರ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಆದರೆ 2022ರ ಸೆಪ್ಟೆಂಬರ್‌ನಿಂದ ಭಾರತೀಯರು ತಲೆಗೆ, ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಇಬ್ಬರು ನಾಲ್ಕು ರಾತ್ರಿ ಉಳಿದರೆ ಹೋಟೆಲ್, ಊಟ ಬಿಟ್ಟು 9,600. ಅಲ್ಲಿ ಕಡಿಮೆ ದಿನ ಇರುವುದೇ ಲಾಭ.

ಬಾಲಿ: ಆಗಮನದ ವೀಸಾಗೆ 5 ಲಕ್ಷ ರುಪಿಯಾ, 2024ರ ಫೆಬ್ರುವರಿಯಿಂದ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ. ಗಾಬರಿ ಬೇಡ, ಎರಡೂ ಸೇರಿ ನಮ್ಮ ಸುಮಾರು ಮೂರೂವರೆ ಸಾವಿರ. ಆದರೂ ರೀಲ್‌ನಲ್ಲಿ ಅದನ್ನು ಯಾರೂ ಹೇಳಿರಲ್ಲ.

ಥಾಯ್ಲೆಂಡ್, ಮಲೇಷ್ಯಾ: ಎರಡೂ 2023ರ ಕೊನೆಯಲ್ಲಿ ನಮಗೆ ವೀಸಾ ವಿನಾಯಿತಿ ಕೊಟ್ಟವು. ಇಂಥ ನಿಯಮಗಳಿಗೆ ಗಡುವು ಇರುತ್ತದೆ, ತಿದ್ದುಪಡಿಯೂ ಬರುತ್ತದೆ. ಟಿಕೆಟ್ ಬುಕ್ ಮಾಡುವ ದಿನವೇ ಆಯಾ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಸೊನ್ನೆಗಳ ಮೋಸ

‘ಒಂದು ರೂಪಾಯಿಗೆ ಮುನ್ನೂರು ಡಾಂಗ್’ ಅನ್ನುವುದು ನಿಜ. ಆದರೆ ಅದರಿಂದ ದೇಶ ಅಗ್ಗ ಅಂತ ಆಗಲ್ಲ. ಅಲ್ಲಿ ಒಂದು ಬಟ್ಟಲು ನೂಡಲ್ಸ್‌ಗೂ ಹತ್ತಾರು ಸಾವಿರ ಡಾಂಗ್ ಎಣಿಸಬೇಕು. ನೋಟಿನ ಸೊನ್ನೆ ಎಣಿಸಬೇಡಿ. ಒಂದು ಚಾ, ಒಂದು ಊಟ, ಒಂದು ರಾತ್ರಿಯ ರೂಮು, ಒಂದು ಬಸ್ ಟಿಕೆಟ್ಟು, ಈ ನಾಲ್ಕರ ಬೆಲೆಯನ್ನು ರೂಪಾಯಿಗೆ ತಂದು ನೋಡಿ. ಅಷ್ಟು ಸಾಕು.

ಕಾಣದ ಖರ್ಚುಗಳೂ ಉಂಟು. ಪಾಸ್‌ಪೋರ್ಟ್ ಇಲ್ಲದವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ ಎರಡು ಸಾವಿರ. ನಮ್ಮ ಕಡೆಯವರಿಗೆ ಹುಬ್ಬಳ್ಳಿ ಸೇವಾ ಕೇಂದ್ರಕ್ಕೆ ಒಂದು ದಿನದ ಓಡಾಟ. ಹೊರದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದಾಗಲೆಲ್ಲ ಬಹಳಷ್ಟು ಬ್ಯಾಂಕುಗಳು 2ರಿಂದ 3.5 ಪರ್ಸೆಂಟ್ ಹೆಚ್ಚಿಗೆ ಹಿಡಿಯುತ್ತವೆ, ಅದರ ಮೇಲೆ ಜಿಎಸ್‌ಟಿ. ಪ್ರಯಾಣ ವಿಮೆ ಮಾತ್ರ ಉಳಿಸುವ ಜಾಗವಲ್ಲ. ಇದರಲ್ಲಿ ಕೈ ಬಿಗಿ ಮಾಡಿ ಆಸ್ಪತ್ರೆ ಸೇರಿದರೆ ಹೊಲ ಅಡ ಇಡಬೇಕಾದೀತು.

ಅವ್ವನ ಜೀರೋ ಟಿಕೆಟ್

2025ರ ಫೆಬ್ರುವರಿಗೆ ನನ್ನ ಕಂತು ಮುಗಿಯಿತು. ಅದೇ ಹೊತ್ತಿಗೆ ಊರಲ್ಲಿ ಕಡಲೆ ಒಕ್ಕಣೆಯೂ ಮುಗಿದಿತ್ತು. ‘ಈ ಸಲ ಎಲ್ಲಿಗೆ ಹೊಂಟಿ?’ ಅಂತ ಅವ್ವ ಕೇಳಿದಳು. ‘ನೀನs ಹೇಳು’ ಅಂದೆ ತಮಾಷೆಗೆ. ಅವಳು ತಡಮಾಡಲೇ ಇಲ್ಲ. ‘ಪಶುಪತಿನಾಥನ್ನ ನೋಡಬೇಕಂತ ಭಾಳ ದಿನದ್ದು ಆಸೆ.’

ನಮ್ಮವ್ವ ಎರಡು ಸಲ ಯುಗಾದಿಗೆ ನಡೆದುಕೊಂಡು ಶ್ರೀಶೈಲಕ್ಕೆ ಹೋಗಿಬಂದವಳು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಸಿಕ್ಕ ಗುಡಿಯಲ್ಲಿ ಮಲಗಿ, ದಾರಿಯ ದಾಸೋಹದಲ್ಲಿ ಉಂಡು. ಬಜೆಟ್ ಪ್ರವಾಸ ಅಂದರೇನು ಅಂತ ಅವಳಿಗೆ ನಾನು ಹೇಳಿಕೊಡಬೇಕೇ?

ನೇಪಾಳದ ಲೆಕ್ಕ ತೆಗೆದಾಗ ನನಗೇ ಆಶ್ಚರ್ಯ. ನಮಗೆ ವೀಸಾ ಬೇಡ, ಪಾಸ್‌ಪೋರ್ಟೂ ಕಡ್ಡಾಯವಲ್ಲ, ಚುನಾವಣಾ ಆಯೋಗದ ವೋಟರ್ ಕಾರ್ಡ್ ನಡೆಯುತ್ತದೆ. ನಮ್ಮ 100 ರೂಪಾಯಿಗೆ ಅವರ 160. ಈ ದರ 1993ರಿಂದ ಕದಲಿಲ್ಲ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ವಾರಾಣಸಿಗೆ ಹೋಗುವ ರೈಲು ನಮ್ಮ ಗದಗ, ಬಾಗಲಕೋಟೆ ಮೇಲೆಯೇ ಹಾದು ಹೋಗುತ್ತದೆ. ಬೆಂಗಳೂರಿಗೆ ಹೋಗಿ ವಿಮಾನ ಹತ್ತುವ ತಾಪತ್ರಯವೇ ಇಲ್ಲ.

ಅಸೂಟಿಯಿಂದ ರೋಣ, ರೋಣದಿಂದ ಗದಗ. ಬಸ್ಸಿನಲ್ಲಿ ಅವ್ವ ಆಧಾರ್ ತೋರಿಸಿ ಶಕ್ತಿ ಯೋಜನೆಯ ಜೀರೋ ಟಿಕೆಟ್ ತಗೊಂಡಳು. ‘ಫಾರಿನ್ನಿಗೆ ಪುಕ್ಕಟೆ ಬಸ್ಸು!’ ಅಂತ ಪಕ್ಕದವಳಿಗೆ ಹೇಳಿ ನಕ್ಕಳು. ಒಂದು ಮಾತು ನೆನಪಿಡಿ: ಆಧಾರ್ ಗದಗಿನವರೆಗೆ ಸರಿ, ಗಡಿಯಲ್ಲಿ ಅಲ್ಲ. 15ರಿಂದ 65 ವರ್ಷದವರಿಗೆ ನೇಪಾಳಕ್ಕೆ ಹೋಗಲು ಆಧಾರ್ ಮಾನ್ಯ ದಾಖಲೆಯಲ್ಲ. ವೋಟರ್ ಕಾರ್ಡೋ ಪಾಸ್‌ಪೋರ್ಟೋ ಇರಲೇಬೇಕು.

ಕಾಶಿಯಲ್ಲಿ ಜಂಗಮವಾಡಿ ಮಠದಲ್ಲಿ ಎರಡು ರಾತ್ರಿ. ಅಂಗಳದ ತುಂಬ ಕನ್ನಡ ಮಾತು, ವಿಜಯಪುರದವರು, ಕಲಬುರಗಿಯವರು. ಅಲ್ಲಿಂದ ಗೋರಖ್‌ಪುರ, ಬಸ್ಸಲ್ಲಿ ಸೋನೌಲಿ ಗಡಿ. ಕಾರ್ಡ್ ನೋಡಿದರು, ಬಿಟ್ಟರು. ನಡೆದುಕೊಂಡೇ ಗೇಟು ದಾಟಿದೆವು. ‘ಅವ್ವಾ, ಇಲ್ಲಿ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದ ಐತಿ’ ಅಂದೆ. ಹಿಂದಿರುಗಿ ಗೇಟು ನೋಡಿ ಅಂದಳು, ‘ಬರೇ ಹದಿನೈದು ನಿಮಿಷದ ಫಾರಿನ್ನೇನಪಾ ಇದು?’

ಬುದ್ಧ ಹುಟ್ಟಿದ ಲುಂಬಿನಿ ಅಲ್ಲಿಗೆ ಹತ್ತಿರ. ಅಶೋಕ ನಿಲ್ಲಿಸಿದ ಕಂಬದ ಹತ್ತಿರ ಒಂದು ಮಧ್ಯಾಹ್ನ ಕಳೆದೆವು. ಮರುದಿನ ಕಠ್ಮಂಡುವಿಗೆ ಬಸ್ಸು. ಇಲ್ಲಿ ನಾನು ಎಡವಿದೆ. ದುಡ್ಡು ಉಳಿಸಲು ಸಾದಾ ಬಸ್ಸು ಹಿಡಿದೆ. ಘಟ್ಟದ ರಸ್ತೆ, ಹನ್ನೆರಡು ತಾಸು. ಇಳಿದಾಗ ಅವ್ವನ ಮೊಣಕಾಲು ಊದಿತ್ತು. ಒಂದು ದಿನ ರೂಮಿನಲ್ಲೇ ಮಲಗಿದಳು. ಉಳಿಸಿದ ನಾಲ್ಕು ನೂರು ರೂಪಾಯಿಗೆ ಒಂದು ದಿನ ಕಳೆದುಕೊಂಡೆವು. ಹಿರಿಯರ ಜೊತೆ ಹೋಗುವವರು ಈ ಹಾದಿಯನ್ನು ಎರಡು ದಿನಕ್ಕೆ ಮುರಿದುಕೊಳ್ಳಿ.

ಊಟಕ್ಕೆ ಚಿಂತೆ ಇರಲಿಲ್ಲ. ದಾಲ್-ಭಾತ್ ತಟ್ಟೆಯಲ್ಲಿ ಅನ್ನ, ಬೇಳೆ ಮುಗಿದರೆ ಮತ್ತೆ ಹಾಕುತ್ತಾರೆ. ‘ನಮ್ಮ ಖಾನಾವಳಿಗತೆ ಐತಿ, ರೊಟ್ಟಿ ಒಂದ ಇಲ್ಲ’ ಅಂತ ಅವ್ವನ ತೀರ್ಪು. 2024ರ ಮಾರ್ಚ್‌ನಿಂದ ಅಲ್ಲಿನ ಫೋನ್‌ಪೇ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. (ಇದು ನೇಪಾಳದ ಕಂಪನಿ, ನಮ್ಮ ಫೋನ್‌ನಲ್ಲಿರೋ ಅದೇ ಹೆಸರಿನ ಆ್ಯಪ್ ಬೇರೆ.) ಆದರೂ 100ರ ನೋಟು ಜೊತೆಗಿರಲಿ. ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಕೇಳಿಕೊಳ್ಳಿ.

ಪಶುಪತಿನಾಥನ ಗರ್ಭಗುಡಿಯ ಪೂಜೆ ದಕ್ಷಿಣ ಭಾರತದಿಂದ, ಅದರಲ್ಲೂ ನಮ್ಮ ಕರ್ನಾಟಕದಿಂದ ಹೋದ ಭಟ್ಟರದ್ದು. ಇದು ಬಹಳ ಹಿಂದಿನಿಂದ ನಡೆದುಬಂದ ರೂಢಿ. ಸಾಲಿನಲ್ಲಿ ನಿಂತಾಗ ಇದನ್ನು ಹೇಳಿದೆ. ಅವ್ವ ನಂಬಲಿಲ್ಲ. ‘ನಮ್ಮವ್ರು ಇಷ್ಟ ದೂರ ಬಂದಾರೇನು? ಯಾವ ರೈಲಿಗೆ?’ ಆಮೇಲೆ ನಾಲ್ಕು ಮುಖದ ಲಿಂಗದ ಮುಂದೆ ನಿಂತವಳು ಮಾತೇ ಆಡಲಿಲ್ಲ. ಭಕ್ತಪುರದಲ್ಲೂ ಒಂದು ಜಂಗಮ ಮಠ ಇದೆ ಅಂತ ಕಾಶಿಯಲ್ಲಿ ಕೇಳಿದ್ದೆವು. ಹುಡುಕಿಕೊಂಡು ಹೋಗಿ ಹೊಸ್ತಿಲಿಗೆ ಕೈಮುಗಿದು ಬಂದೆವು.

ಒಟ್ಟು ಖರ್ಚು ಇಬ್ಬರಿಗೆ, ಹನ್ನೆರಡು ದಿನಕ್ಕೆ, ಎಸಿ ತ್ರೀ ಟಯರ್ ರೈಲು ಸೇರಿ 36 ಸಾವಿರ. ತಲೆಗೆ ದಿನಕ್ಕೆ 1,500. ಎಲ್ಲ ಉಳಿಸಿದ ದುಡ್ಡು.

ನಿಮ್ಮ ಲೆಕ್ಕ ನೀವೇ ಹಾಕಿ

ಎಲ್ಲರೂ ನೇಪಾಳಕ್ಕೇ ಹೋಗಿ ಅಂತ ಹೇಳುತ್ತಿಲ್ಲ. ಬೆಂಗಳೂರಲ್ಲೇ ಮನೆ ಇದ್ದು, ಒಂಟಿಯಾಗಿ, ಒಂದೇ ಬ್ಯಾಗ್ ಹಾಕಿಕೊಂಡು ಹೋಗುವವರಿಗೆ ವಿಯೆಟ್ನಾಂ ಇದಕ್ಕಿಂತ ಸಲೀಸಾಗಬಹುದು. ಒಂದು ಹಾಳೆ ತಗೊಳ್ಳಿ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಹಾದಿಯ ಖರ್ಚು ಬರೆಯಿರಿ. ದಿನದ ಖರ್ಚನ್ನು ದಿನಗಳಿಂದ ಗುಣಿಸಿ ಕೂಡಿಸಿ. ಒಟ್ಟನ್ನು ಮತ್ತೆ ದಿನಗಳಿಂದ ಭಾಗಿಸಿ. ಎರಡು-ಮೂರು ದೇಶಕ್ಕೆ ಹೀಗೆ ಮಾಡಿದರೆ ಉತ್ತರ ತಾನಾಗಿ ಕಾಣುತ್ತದೆ. ಕೊನೆಗೆ ಇನ್ನೊಂದು ಸಾಲು: ಈ ದುಡ್ಡು ಈಗ ಕೈಯಲ್ಲಿದೆಯೇ? ಇಲ್ಲ ಅಂದರೆ ಆ ದೇಶ ಈ ವರ್ಷ ನಿಮಗೆ ಅಗ್ಗವಲ್ಲ. ಅದು ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಕಂತು ಮುಗಿದ ಮೇಲೆ ನಾನು ಮಾಡಿದ್ದು ಇಷ್ಟೇ. ಅದೇ 5,500ರಲ್ಲಿ ಮೂರು ಸಾವಿರವನ್ನು ತಿಂಗಳಾ ಪೋಸ್ಟ್ ಆಫೀಸಿನ ಆರ್‌ಡಿಗೆ ಹಾಕುತ್ತೇನೆ, ಉಳಿದದ್ದು ಬಿತ್ತನೆಗೆ ಅಂತ ಬೇರೆ ಇಡುತ್ತೇನೆ. ಕಳೆದ ಮುಂಗಾರಿಗೆ ಅಪ್ಪ ಉದ್ರಿ ಮಾಡಲಿಲ್ಲ.

ಹೋದ ವಾರ ಅಪ್ಪನ ಫೋನ್. ಮಳೆ, ಬೆಳೆ, ಎಮ್ಮೆ ಎಲ್ಲ ಮುಗಿದರೂ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ತಮ್ಮಾ, ನನ್ನ ವೋಟರ್ ಕಾರ್ಡಿನ್ಯಾಗ ಹೆಸರು ತಪ್ಪು ಬಿದ್ದೈತಿ. ಅದನ್ನ ಸರಿ ಮಾಡ್ಸೋದು ಹೆಂಗ?’

‘ಫಾರ್ಮ್ 8 ತುಂಬಬೇಕಪ್ಪಾ, ಫೋನಿನಾಗs ಆಗ್ತೈತಿ’ ಅಂದೆ. ಯಾಕೆ ಅಂತ ನಾನು ಕೇಳಲಿಲ್ಲ.